ತೋಟದ ನೀರಿನ ಪ್ರಶ್ನೆ

ಕಾಲೇಜಿನಲ್ಲಿ ರೋಮ್ ಮೇಷ್ಟ್ರು ಎಂದೇ ಹೆಸರಾಗಿದ್ದ ಇತಿಹಾಸದ ಅಧ್ಯಾಪಕರಿಗೆ ಬೆಳಗಿನಿಂದ ಬಾಯಿ ಒಣಗುತ್ತಿತ್ತು. ಕಾಲೇಜಿನ ಧಣಿ ಕಟ್ಟಿಸಿದ ಹೊಸ ಗ್ರಂಥಾಲಯದಲ್ಲಿ ಇವತ್ತು ಅವರದೇ ಮೊದಲ ಉಪನ್ಯಾಸ: ಪ್ರಾಚೀನ ರೋಮಿನ ಸಿರಿವಂತರ ದಾನಧರ್ಮ. ಅವರ ನೌಕರಿ ಕಾಯಂ ಆಗುವುದೋ, ಬೀದಿಗೆ ಬೀಳುವುದೋ, ಈ ವಾರವೇ ಧಣಿ ತೀರ್ಮಾನಿಸುವವನಿದ್ದ.

ಭಯಕ್ಕೆ ಕಾರಣ ಅವರೇ ಬರೆದ ಪುಸ್ತಕ. ಅದರಲ್ಲಿ ಬರುವ ಒಬ್ಬ ರೋಮನ್ ಶ್ರೀಮಂತ ಊರಿಗೆ ಸ್ನಾನಗೃಹ ಕಟ್ಟಿಸಿಕೊಟ್ಟು ಬಾಗಿಲ ಮೇಲೆ ತನ್ನ ಹೆಸರು ಕೆತ್ತಿಸಿದ. ಅದೇ ಊರಿನ ಕಾಲುವೆ ತಿರುಗಿಸಿ ತನ್ನ ತೋಟಕ್ಕೆ ನೀರು ಹಾಯಿಸಿಕೊಂಡ. ರೈತರು ಕಲ್ಲಿನಲ್ಲಿ ಕೆತ್ತಿಸಿದ್ದ ದೂರನ್ನು ಮೇಷ್ಟ್ರು ವರ್ಷಗಟ್ಟಲೆ ಕೂತು ಓದಿ ಹೊರತೆಗೆದಿದ್ದರು. ಈ ಧಣಿಯೂ ಗ್ರಂಥಾಲಯ ಕಟ್ಟಿಸಿದ್ದು ಬಡ ಹುಡುಗರ ಹಾಸ್ಟೆಲ್ ಕೆಡವಿದ ಜಾಗದಲ್ಲಿ.

"ರೀ, ಆ ಕಾಲುವೆ ಕತೆ ಇವತ್ತೊಂದಿನ ಬಿಟ್ಬಿಡಿ," ಎಂದಳು ಹೆಂಡತಿ, ಅವರ ಕಾಲರು ಸರಿಮಾಡುತ್ತ. "ಯಾವ ಕಾಲದಲ್ಲೋ ಸತ್ತೋರಿಗೋಸ್ಕರ ನಮ್ಮ ಅನ್ನಕ್ಕೆ ಕಲ್ಲು ಹಾಕ್ಕೋತೀರಾ?"

"ಬಿಟ್ಟಾಯ್ತು ಕಣೇ. ನನ್ಗೂ ಹೊಟ್ಟೆ ಇದೆ."

ಬಿಟ್ಟೂ ಬಿಟ್ಟರು. ಸ್ನಾನಗೃಹದ ಅಮೃತಶಿಲೆ, ಬಿಸಿನೀರು, ಚಿತ್ರದ ನೆಲ ಎಲ್ಲ ಹೊಗಳಿ ಕುಳಿತರು. ಚಪ್ಪಾಳೆ ಬಿತ್ತು.

ಮುಂದಿನ ಸಾಲಿನಿಂದ ಧಣಿ ಕೈಯೆತ್ತಿದ. "ಒಂದು ದಡ್ಡ ಪ್ರಶ್ನೆ ಮೇಷ್ಟ್ರೇ. ಆ ಪುಣ್ಯಾತ್ಮನ ತೋಟಕ್ಕೆ ನೀರೆಲ್ಲಿಂದ ಬರ್ತಿತ್ತು?"

ಮೇಷ್ಟ್ರು ಹಿಂದಕ್ಕೆ ಕಣ್ಣು ಹಾಯಿಸಿದರು. ಹಿಂದಿನ ಸಾಲಿನಲ್ಲಿ ಅವರ ವಿದ್ಯಾರ್ಥಿಗಳಿದ್ದರು, ಪುಸ್ತಕ ಓದಿದವರು. ಉತ್ತರ ಗೊತ್ತಿಲ್ಲದಾಗ ಇತಿಹಾಸಕಾರರು ಆಡುವ ಮಾತೊಂದಿದೆ. ಗೊತ್ತಿದ್ದೂ ಅದನ್ನಾಡುವವನು ಈ ಕಸುಬಿಗೆ ನಾಲಾಯಕ್ಕು ಎಂದು ಮೇಷ್ಟ್ರೇ ತರಗತಿಯಲ್ಲಿ ಗದರುತ್ತಿದ್ದರು.

"ಅದಕ್ಕೆ... ಆಧಾರ ಸಾಲದು, ಸರ್."

ಹಿಂದೆ ಒಬ್ಬ ಹುಡುಗಿ ತಲೆ ತಗ್ಗಿಸಿದಳು. ಇನ್ನೊಬ್ಬ ಎದ್ದು ಹೊರಗೆ ಹೋದ.

ಚಹಾದ ಹೊತ್ತಿಗೆ ಧಣಿ ಬಂದು ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟ. "ನಿಮ್ಮ ಪುಸ್ತಕ ಓದಿದೀನಿ ಕಣ್ರೀ. ಕಾಲುವೆ ಅಧ್ಯಾಯ ಅಂತೂ ಎರಡೆರಡು ಸಲ. ಎಷ್ಟು ಚೆನ್ನಾಗಿ ಬರ್ದಿದೀರಿ!"

ಲೋಟ ತುಳುಕಿ ಮೇಷ್ಟ್ರ ಬೆರಳು ಸುಟ್ಟಿತು.

"ಯಾಕ್ರೀ ನಡುಗ್ತೀರಿ? ನಿಮ್ಮ ಕೆಲಸ ಕಾಯಂ. ನಮ್ಮ ತಾತನ ಚರಿತ್ರೆ ಬರೆಸ್ಬೇಕು, ನಿಮ್ಮಂಥೋರನ್ನೇ ಹುಡುಕ್ತಿದ್ದೆ. ನಾಳೆ ಬೆಳಗ್ಗೆ ಮನೆ ಹತ್ರ ಬನ್ನಿ."

ಕೈ ಇನ್ನೂ ಹೆಗಲ ಮೇಲೇ ಇತ್ತು. ಬೆಳಗಿನ ಭಯ ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಎಷ್ಟು ಹೊತ್ತಿಗೆ ಬರಲಿ ಎಂದು ಮೇಷ್ಟ್ರು ಕೇಳಿದರು.