ಇನ್ನೊಂದು ಗಂಡು ಹುಟ್ಟಿಲ್ಲವೆಂದು

ಪ್ರತಿ ಮಾರ್ಚ್‌ನಲ್ಲೂ ನಮ್ಮೂರು ಸಲಮಿಯಾದ ಸೈನ್ಯ ಭರ್ತಿ ಕಚೇರಿಗೆ ಹೋಗಿ, ನನಗೆ ಇನ್ನೊಂದು ಗಂಡು ಹುಟ್ಟಿಲ್ಲವೆಂದು ಹೇಳಿ ಬರುವುದು ನನ್ನ ಕೆಲಸ. ಒಬ್ಬನೇ ಮಗನಾದರೆ ಯುದ್ಧಕ್ಕೆ ಎಳೆದೊಯ್ಯುವುದಿಲ್ಲ. ಗುಮಾಸ್ತ ಮಕ್ಕಳ ಹೆಸರು ದಾಖಲಾಗುವ ನಮ್ಮ ಕುಟುಂಬ ಪುಸ್ತಕ ತಿರುವಿ, ಕಣ್ಣೆತ್ತಿ ನನ್ನ ಹೊಟ್ಟೆ ನೋಡಿ, ಮೊಹರು ಒತ್ತಿದರೆ ನನ್ನ ಮಗ ಕಿನಾನ್ ಇನ್ನೊಂದು ವರ್ಷ ಬದುಕಿದ ಹಾಗೆ. ಮುಟ್ಟು ನಿಂತರೆ ಈ ಪರೀಕ್ಷೆಯೂ ನಿಲ್ಲುತ್ತದೆಂದು ಕಾಯುತ್ತಿದ್ದೆ.

ನಲವತ್ತಾರಕ್ಕೆ ನಿಂತಿತು. ನಿಂತದ್ದು ಬಸಿರಿನಿಂದ. ನಾಲ್ಕನೇ ತಿಂಗಳಲ್ಲಿ ಸ್ಕ್ಯಾನ್ ಮಾಡಿದ ವೈದ್ಯೆ ಗಂಡು ಎಂದು ನಕ್ಕವಳು, ನನ್ನ ಮುಖ ನೋಡಿ ಪರದೆ ಆರಿಸಿದಳು.

ಲತಾಕಿಯಾದಲ್ಲಿರುವ ತಂಗಿ ಸುಲಾಫಾಗೆ ಮಕ್ಕಳಿಲ್ಲ. ಅಲ್ಲಿಗೆ ಹೋಗಿ ಹೆರುವುದು, ಮಗುವನ್ನು ಅವಳ ಮಗನೆಂದು ಅವಳ ಕುಟುಂಬ ಪುಸ್ತಕದಲ್ಲಿ ಬರೆಸುವುದು ಎಂದು ಇಬ್ಬರೂ ತೀರ್ಮಾನಿಸಿದೆವು. ಬೇಕಿದ್ದದ್ದು ಒಂದೇ: ನನ್ನ ಗಂಡ ಹಿಕ್ಮತ್ ಬಾಯಿ ಮುಚ್ಚಿಕೊಂಡಿರಬೇಕು.

ಹಿಕ್ಮತ್ ಕಾಫಿ ಅಂಗಡಿಯ ದೇಶಭಕ್ತ. ಊರಿನವರ ಮಕ್ಕಳ ಹೆಣ ಬಂದಾಗ ನೆಲ, ರಕ್ತ ಎಂದು ಮೊದಲು ಭಾಷಣ ಬಿಗಿಯುವವನು. ತನ್ನ ಮಗನ ವಿನಾಯಿತಿ ಪತ್ರಕ್ಕೆ ಮಾತ್ರ ಪ್ಲಾಸ್ಟಿಕ್ ಹೊದಿಸಿಟ್ಟವನು.

ಯಾರಿಗೂ ಹೇಳಬೇಡಿ ಎಂದು ವಿಷಯ ತಿಳಿಸಿದ ಮೂರನೇ ದಿನ ಬಕ್ಲಾವಾ ಸಿಹಿಯ ಖಾಲಿ ತಟ್ಟೆ ಹಿಡಿದು ಬಂದ.

"ಯಾರಿಗೆ ಹಂಚಿದ್ರಿ?"

"ಹಂಚದೆ ಇರ್ಲಾ? ಐವತ್ತೆಂಟಕ್ಕೆ ಗಂಡು ಮಗು ಕಣೇ! ನಲವತ್ತರವರೂ ಬಾಯಿ ಬಿಟ್ಕೊಂಡು ನೋಡಿದ್ರು."

"ಕಿನಾನ್‌ನ ಎಳ್ಕೊಂಡು ಹೋಗ್ತಾರೆ ಅನ್ನೋದು ಹೊಳೀಲಿಲ್ವಾ?"

ಅವನ ಮುಖ ನಿಧಾನವಾಗಿ ಬಿಳಿಚಿತು. "ಎಲ್ಲಾ ನಮ್ಮೋರೇ... ಯಾರು ಹೇಳ್ತಾರೆ?"

ಬೆಳಗಾಗುತ್ತಲೇ ಕಚೇರಿಯಿಂದ ಕರೆ ಬಂತು. ಅಗಲ ಕೋಟು ತೊಟ್ಟು ಒಬ್ಬಳೇ ಹೊರಟೆ. ಹೆಂಗಸಿನ ಆಣೆಯನ್ನು ಈ ಜನ ನಂಬುವುದಿಲ್ಲ. ಇನ್ನೊಬ್ಬ ಗಂಡಸನ್ನು ಕೀಳು ಮಾಡುವ ಮಾತಾದರೆ ಸಾಕ್ಷಿಯನ್ನೇ ಕೇಳುವುದಿಲ್ಲ. ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ.

ಕೋಣೆಯಲ್ಲಿ ಏಳೆಂಟು ಗಂಡಸರಿದ್ದರು.

"ಏನಮ್ಮ ಕಿನಾನ್ ತಾಯಿ, ನಮಗೆ ಸಿಹಿ ಬರ್ಲೇ ಇಲ್ಲ?" ಎಂದ ಗುಮಾಸ್ತ.

"ಯಾವ ಸಿಹಿ ಅಣ್ಣಾ? ಆರು ವರ್ಷದಿಂದ ನಮ್ಮನೆಯವರ ಕೈಲಿ ಏನೂ ಆಗಲ್ಲ. ಸಕ್ಕರೆ ಕಾಯಿಲೆ. ಯಾರಿಗೂ ಗೊತ್ತಾಗದಿರ್ಲಿ ಅಂತ ಊರಿಗೆಲ್ಲಾ ಬಕ್ಲಾವಾ ಹಂಚ್ತಾರೆ. ನಾನು ಯಾರ ಹತ್ರ ಅಳ್ಲಿ?"

ಇಡೀ ಕೋಣೆ ಬಿದ್ದು ಬಿದ್ದು ನಕ್ಕಿತು.

"ಆ ಭಾಷಣದೋನಾ? ಅಯ್ಯೋ ನನ್ನಪ್ಪಾ!" ಗುಮಾಸ್ತ ಕಣ್ಣೊರೆಸಿಕೊಳ್ಳುತ್ತಲೇ ಮೊಹರು ಒತ್ತಿದ. ನನ್ನ ಹೊಟ್ಟೆ ನೋಡುವುದನ್ನೇ ಮರೆತ.

ಮನೆಗೆ ಬಂದು ಇದ್ದದ್ದು ಇದ್ದಂತೆ ಹೇಳಿದೆ.

"ನನ್ನ ಮಾನ ತೆಗೆದ್ಯಲ್ಲೇ!"

"ಸಂಜೆ ಕಾಫಿ ಅಂಗಡಿಗೆ ಹೋಗಿ. ಯಾರೇನಂದ್ರೂ ತಲೆ ತಗ್ಗಿಸಿ ಕೂತಿರಿ. ಜಗಳಕ್ಕೆ ನಿಂತ್ರೆ ಅವರಿಗೆ ಅನುಮಾನ ಬರುತ್ತೆ."

"ನಾನು ಹೋಗಲ್ಲ."

"ಹಾಗಾದ್ರೆ ಕಿನಾನ್‌ಗೆ ಚೀಲ ಕಟ್ಟಿಕೊಡಿ. ನೀವೇ."

ಹೋದ. ಎರಡು ತಾಸು ಕೂತು ಬಂದ. ಚಪ್ಪಲಿ ಬಿಚ್ಚದೆ ಹೊಸ್ತಿಲಲ್ಲೇ ಕುಸಿದು ಅತ್ತ. ಮದುವೆಯಾಗಿ ಇಪ್ಪತ್ತಾರು ವರ್ಷಗಳಲ್ಲಿ ಅವನು ಅತ್ತದ್ದನ್ನು ನೋಡಿದ್ದು ಅದೇ ಮೊದಲು. ಮರುಕ ಬರಬಹುದೆಂದು ಕಾದೆ, ಬರಲಿಲ್ಲ.

"ಆ ಮಗೂಗೆ ಅಪ್ಪ ಅಂತ ನನ್ನ ಹೆಸರೂ ಇರಲ್ವಾ?"

"ಇರಲ್ಲ."

ತಾಯಿಯೆಂದು ನನ್ನ ಹೆಸರೂ ಇರುವುದಿಲ್ಲ. ಅದನ್ನು ಅವನು ಕೇಳಲಿಲ್ಲ.