ಅಲಾಯಿ ಕುಣಿಯ ಮೇಲಿನ ಫರಸಿ

ಸಹಿ ಮೊದಲು, ಠರಾವು ಆಮೇಲೆ. ಶಾಂತಿ ಸಭೆಗಳ ರಿವಾಜೇ ಅದು. ಗುಮಾಸ್ತ ಪ್ರಾಣೇಶ ಹಳ್ಳಿಗೆ ಹೋಗಿ ಹಿರಿಯರಿಂದ ಖಾಲಿ ಹಾಳೆಯ ಬುಡದಲ್ಲಿ ರುಜು ಹಾಕಿಸಿಕೊಂಡು ಬರುತ್ತಿದ್ದ; ಮೇಲಿನದನ್ನು ತಾಲೂಕು ಕಚೇರಿಯಲ್ಲಿ ಕುಳಿತು ತಹಸೀಲ್ದಾರ ಸಾಹೇಬರು ಹೇಳಿದಂತೆ ತುಂಬುತ್ತಿದ್ದ. ಹದಿನಾಲ್ಕು ವರ್ಷ ಅದು ತಪ್ಪೆಂದು ಯಾರಿಗೂ ಅನಿಸಿರಲಿಲ್ಲ, ಅವನಿಗೂ.

ಕಣಿಹಾಳದ ಹಾಳೆಯೊಂದು ಮಾತ್ರ ಅವನ ಬೆನ್ನು ಬಿಡಲಿಲ್ಲ.

ಕಣಿಹಾಳ ಶಹಾಬಾದಿಗೂ ವಾಡಿಗೂ ನಡುವೆ ಇರುವ ಕಲ್ಲುಗಣಿಯ ಊರು. ಅಲ್ಲಿ ಪೀರುಗಳನ್ನು ಕೂಡಿಸುವ ಆಶುರಖಾನೆಯ ಮುಂದೆ ಮೊಹರಮ್ಮಿಗೆ ಬೆಂಕಿ ಹಾಕುವ ಅಲಾಯಿ ಕುಣಿ ಇತ್ತು. ಪೀರನ್ನು ಹೊರುವವರು ಲಿಂಗಾಯತರ ಸೂಗಪ್ಪನ ಮನೆಯವರು, ಲೋಬಾನದ ಊದು ಹಾಕುವವನು ಮುಜಾವರ ಗುಲಾಮ ದಸ್ತಗೀರ. ತೊಂಬತ್ತೈದರ ಒಂದು ಮಧ್ಯಾಹ್ನ ಪಟ್ಟಣದಿಂದ ಎರಡು ಟ್ರ್ಯಾಕ್ಟರ್ ಜನ ಬಂದರು. ಘೋಷಣೆ ಕೂಗುತ್ತ ಕುಣಿಗೆ ಮಣ್ಣು ತುಂಬಿದರು, ಮೇಲೆ ಫರಸಿ ಕಲ್ಲು ಹಾಸಿ ಸಿಮೆಂಟು ಬಳಿದು ಹೋದರು. ಪೊಲೀಸರು ಬೇವಿನ ನೆರಳಲ್ಲಿ ಬೀಡಿ ಸೇದುತ್ತ ನೋಡಿದರು.

ದಸ್ತಗೀರ ಅರ್ಜಿ ಕೊಟ್ಟ. ಶಾಂತಿ ಸಭೆಯಾಯಿತು.

“ಕುಣಿ ಬಿಚ್ಚಸ್ರಿ ಅಂತ ಬರೀತೀರಿ ಹೌದಲ್ರಿ, ಪ್ರಾಣೇಶರಾಯ್ರ?” ಎಂದು ದಸ್ತಗೀರ ಕೇಳಿದ.

“ಬರೀತೀನಿ. ನೀ ರುಜು ಹಾಕು.”

“ನಿಮ್ಮ ಅಪ್ಪ ಇಲ್ಲಿ ಸಾಲಿ ಮಾಸ್ತರ ಇದ್ರು. ಮಾಸ್ತರ ಮಗ ಸುಳ್ಳ ಬರೀತಾನೇನು!” ದಸ್ತಗೀರ ನಕ್ಕು ಉರ್ದುವಿನಲ್ಲಿ ಹೆಸರು ಗೀಚಿದ.

ಮರುದಿನ ಸಾಹೇಬರು ಹೇಳಿ ಬರೆಸಿದರು: ಉಭಯ ಕೋಮಿನವರ ಒಪ್ಪಿಗೆಯಿಂದ, ಮುಜಾವರರ ಸ್ವಇಚ್ಛೆಯ ಮೇರೆಗೆ ಕುಣಿಯನ್ನು ಮುಚ್ಚಲಾಗಿದೆ. ಪ್ರಾಣೇಶನ ಕೈ ಅರೆಗಳಿಗೆ ನಿಂತಿತು, ಆಮೇಲೆ ಬರೆಯಿತು. ಆ ತ್ರೈಮಾಸಿಕ ವರದಿಯಲ್ಲಿ, ಕೋಮು ಘಟನೆಗಳು ಎಂಬ ಕಲಮಿನ ಎದುರು ‘ನಿರಂಕ’, ಅಂದರೆ ಒಂದೂ ಇಲ್ಲ, ಎಂದಾಯಿತು. ಸರಕಾರಕ್ಕೆ ಅದಕ್ಕಿಂತ ಸಿಹಿಯಾದ ಶಬ್ದ ಬೇರಿಲ್ಲ.

ಠರಾವಿನ ನಕಲನ್ನು ಊರ ಚಾವಡಿಗೆ ಅಂಟಿಸಿದರು. ಮುಜಾವರ ಪೀರನ್ನು ಮಾರಿಕೊಂಡ ಎಂದು ಊರು ಉಗುಳಿತು. ಸ್ವಂತ ಮಗ ಹಾಜಿಮಲಂಗ್ ಅಪ್ಪನ ಸಂಗಡ ಮಾತು ಬಿಟ್ಟ. ದಸ್ತಗೀರ ದಿನಾ ಆ ಫರಸಿಯ ಮೇಲೆ ಹೋಗಿ ಕೂಡತೊಡಗಿದ. ಎರಡನೆಯ ಬೇಸಿಗೆಯಲ್ಲಿ ಕೂತಲ್ಲೇ ಸತ್ತ.

ಅಂದಿನಿಂದ ಪ್ರಾಣೇಶನಿಗೆ ನೆಲ ಸುಡತೊಡಗಿತು. ಈ ಸೀಮೆಯಲ್ಲಿ ಎಲ್ಲ ನೆಲವೂ ಅದೇ ಫರಸಿ ಕಲ್ಲು. ಕಚೇರಿಯದು, ಬಸ್‌ಸ್ಟ್ಯಾಂಡಿನದು, ಅವನ ಮನೆಯ ದೇವರಕೋಣೆಯದು. ಮಡಿಯುಟ್ಟು ಬರಿಗಾಲಲ್ಲಿ ರಾಯರ ಪಟದ ಮುಂದೆ ನಿಂತರೆ ಅಂಗಾಲಿಗೆ ಕೆಂಡ. ಹೆಂಡತಿ ಕೈಯಿಟ್ಟು ನೋಡಿ, “ತಣ್ಣಗ ಅದಲ್ರಿ” ಅನ್ನುತ್ತಿದ್ದಳು. ಅವನ ಮೂಗಿಗೆ ಊದಿನ ವಾಸನೆ.

ತೊಂಬತ್ತೊಂಬತ್ತರಲ್ಲಿ, ಜನರ ಧರ್ಮಾಚರಣೆಯ ಹಕ್ಕನ್ನು ಸರಕಾರ ಹೇಗೆ ಕಾಪಾಡಿದೆ ಎಂದು ನೋಡಲು ಬೆಂಗಳೂರಿನಿಂದ ಆಯೋಗವೊಂದರ ತನಿಖಾ ತಂಡ ಬಂತು. ಪ್ರವಾಸಿ ಮಂದಿರದಲ್ಲಿ ವಿಚಾರಣೆ. ತಂಡದ ಸದಸ್ಯೆ ಪ್ರಮಿತಾ ಕಣಿಹಾಳದ ಕಡತ ಮಗುಚಿ, “ಎಲ್ಲರ ಒಪ್ಪಿಗೆ ಇದೆಯಲ್ಲ” ಎಂದರು. ಸಾಹೇಬರು ತಲೆಯಾಡಿಸಿದರು.

ದಸ್ತಗೀರನ ಹೆಂಡತಿ ಬಷೀರಾ ಎದ್ದು ನಿಂತಳು. “ರುಜು ನಮ್ಮವರದೇ ಅದರಿ ಬಾಯಿ. ಆದರ ಅವರಿಗಿ ಕನ್ನಡ ಓದ್ಲಿಕ್ಕಿ ಬರ್ತಿರಲಿಲ್ಲ. ಮ್ಯಾಲಿನ ಮಾತು ಯಾರವು? ಅಷ್ಟೇ ಹೇಳ್ರಿ. ನಾ ಅದಕ್ಕೇ ಬಂದೀನಿ.”

ಪ್ರಾಣೇಶನ ಚಪ್ಪಲಿಯೊಳಗೆ ಬೆಂಕಿ ಏರಿತು.

“ನನ್ನವು” ಎಂದ. “ಹಾಳಿ ಖಾಲಿ ಇತ್ತು. ಸಾಹೇಬ್ರು ಹೇಳಿದ್ರು, ನಾ ಬರದೆ.”

“ಬಿಸಲ ಹತ್ಯದ ನಿಮಗ” ಎಂದರು ಸಾಹೇಬರು. “ನೌಕರಿ ಭಾಳ ಆತೇನು? ಹೊರಗ ನಡೀರಿ!”

ಪ್ರಮಿತಾ ತಡೆದರು. ಒಂದು ಬಿಳಿ ಹಾಳೆ ಮುಂದೆ ಸರಿಸಿ, “ನಮಗೆ ಟ್ರೈನಿಗೆ ಹೊತ್ತಾಗಿದೆ. ಇಲ್ಲಿ ಕೆಳಗೆ ಸಹಿ ಮಾಡಿ, ಹೇಳಿಕೆಯನ್ನು ಬೆಂಗಳೂರಲ್ಲೇ ಟೈಪ್ ಮಾಡಿಸ್ತೀವಿ” ಎಂದರು.

ಪ್ರಾಣೇಶ ಆ ಹಾಳೆಯನ್ನು ನೋಡಿದ.

“ಇಲ್ರಿ ಮೇಡಂ. ನಾನೇ ಬರೀತೀನಿ. ಟ್ರೈನು ಹೋದ್ರ ಹೋಗ್ಲಿ.”

ಕೆಳಗೆ ಕಾರ್ಬನ್ ಇಟ್ಟು ಎರಡು ಪುಟ ಬರೆದ. ಟ್ರ್ಯಾಕ್ಟರು, ಪೊಲೀಸರು, ರುಜು ಹಾಕುವಾಗ ದಸ್ತಗೀರ ಆಡಿದ ಮಾತು, ಸಾಹೇಬರ ಹೆಸರು, ತನ್ನ ಹೆಸರು. ಕಡೆಗೆ ರುಜು. ಪ್ರಮಿತಾ ಅದನ್ನು ಚೀಲಕ್ಕೆ ಹಾಕಿಕೊಂಡು, “ಶಿಫಾರಸು ಮಾಡ್ತೀವಿ” ಎಂದರು.

“ಫರಸಿ ಕೀಳ್ತೀರೇನ್ರಿ?” ಬಷೀರಾ ಕೇಳಿದಳು.

“ಅದು ಸರಕಾರದ ಕೆಲಸ ಅಮ್ಮಾ. ನಾವು ನೋಡ್ತೀವಿ, ಬರೀತೀವಿ.”

ಬಷೀರಾ ಪ್ರಾಣೇಶನತ್ತ ತಿರುಗಿದಳು. “ಬೆಂಗಳೂರಾಗ ನನ್ನ ಗಂಡಗ ಯಾರೂ ಬೈದಿಲ್ರಿ. ಬೈದವರು ಕಣಿಹಾಳದಾಗ ಅದಾರ. ನಡೀರಿ, ಅಲ್ಲಿ ಓದ್ರಿ.”

ಮೂರರ ಬಸ್ಸಿಗೆ ಇಬ್ಬರೂ ಹೋದರು. ಆಶುರಖಾನೆಯ ಎದುರಿನ ಚಹಾ ಹೋಟೆಲಿನಿಂದ ಗಣಿಯ ಜನ ಎದ್ದು ಬಂದರು. “ಬಂದ್ನಪಾ ಶಾಂತಿಸಭಿ! ಈ ಸಲ ಏನ ಮುಚ್ಚಾಂವ, ಬಾವಿ ಏನು?” ಎಂದೊಬ್ಬ ಕುಟುಕಿದ. ಹಾಜಿಮಲಂಗ್ ಕಲ್ಲು ಎಬ್ಬಿಸುವ ಕಬ್ಬಿಣದ ಹಾರಿಯನ್ನು ಹಿಡಿದು ಹಿಂದೆ ನಿಂತಿದ್ದ.

ಎಲ್ಲರಿಗೂ ಕಾಣಲೆಂದು ಪ್ರಾಣೇಶ ಫರಸಿಯ ಮೇಲೆ ಕಾಲಿಡಹೋದ.

“ಅಲ್ಲಿ ಬ್ಯಾಡ್ರಿ” ಬಷೀರಾ ಮೆಲ್ಲಗೆ ಅಂದಳು. “ನಮ್ಮವರು ಕುಂತಾರ.”

ಅವನು ಕಾಲು ಹಿಂತೆಗೆದ. ಮಣ್ಣಿನ ಮೇಲೆ ನಿಂತು ಕಾರ್ಬನ್ ಪ್ರತಿಯನ್ನು ಓದಿದ. ‘ಮಾಸ್ತರ ಮಗ’ ಎಂಬಲ್ಲಿ ದನಿ ಇಳಿಯಿತು. ಮುಂದಿನ ಸಾಲುಗಳನ್ನು ತನಗಷ್ಟೇ ಕೇಳುವಂತೆ ಓದಿದ.

ಓದು ಮುಗಿದಾಗ ಹಾಜಿಮಲಂಗ್ ಕೈಯ ಹಾರಿಯನ್ನು ಕೆಳಗಿಟ್ಟ. ಬರಿಯ ಕಲ್ಲಿಗೆ ಮುಖ ಮಾಡಿ, ಎರಡು ಮೊಳ ಈಚೆಗೆ ಮಂಡಿಯೂರಿ ಕುಳಿತ.

“ಅಬ್ಬಾಗ ಕೇಳ್ಸಲಿಲ್ರಿ” ಎಂದ. “ಜೋರಾಗಿ ಓದ್ರಿ.”