ಮೂರು ವರ್ಷ ದಾಟಿದವರಿಗೆ

"ಜರ್ಮನಿಯೊಳಗ ಹನ್ನೆರಡು ವರ್ಷ ದಾಟಿರಬೇಕಂತ, ಬ್ರೆಝಿಲ್‌ದಾಗ ಹತ್ತು," ಸುಭಾಷ ಪರದೆ ನೋಡಿ ಓದಿದ. "ಆಟದಾಗ ಹಿಂಸಾ ಐತಿ ಅಂತ. ಎಲ್ಲೈತಿ ಹಿಂಸಾ?"

"ಇರವಿ ಸಾಯ್ತೈತಲ್ಲ," ಎಂದಳು ವೃಷಾಲಿ.

ಮಿರಜದ ಹತ್ತಿರದ ವಿಶ್ರಾಮಬಾಗದಲ್ಲಿ ಝೆರಾಕ್ಸ್ ಅಂಗಡಿಯ ಮಹಡಿಯ ಮೇಲಿನ ಒಂದು ಕೋಣೆಯೇ ಅವರಿಬ್ಬರ ಕಂಪನಿ. ಎಳೆಯ ಮಕ್ಕಳಿಗೆಂದು ಒಂದು ಮೊಬೈಲ್ ಆಟ ಮಾಡಿದ್ದರು. ಹೊತ್ತು ಮುಳುಗುವುದರೊಳಗೆ ಪುಟ್ಟ ಹುಡುಗಿಯೊಬ್ಬಳು ಅಂಗಳ ದಾಟಿ ಅಜ್ಜಿಗೆ ಊಟದ ತಾಟು ಮುಟ್ಟಿಸಬೇಕು. ಅಂಗಳದ ತುಂಬ ಇರುವೆ ಸಾಲು. ತುಳಿದರೆ ಇರುವೆ ಸತ್ತಿತು, ಆಟ ಮುಗಿಯಿತು. ಮಕ್ಕಳ ಟ್ಯಾಬ್ಲೆಟ್ ಮಾಡುವ ಪುಣೆಯ ಕಂಪನಿಯೊಂದು ಅದನ್ನು ಮೆಚ್ಚಿಕೊಂಡಿತ್ತು. ಹೊರದೇಶಗಳಿಗೂ ಕಳಿಸುತ್ತೇವೆ, ಆದರೆ ಯಾವ ದೇಶದಲ್ಲೂ ವಯಸ್ಸಿನ ಮಿತಿ ಮೂರರ ಮೇಲೆ ಹೋಗಬಾರದು ಎಂದಿತ್ತು. ಈ ಕೆಲಸ ಕೈತಪ್ಪಿದರೆ ಕೋಣೆಯ ಕೀಲಿಕೈಯನ್ನು ಮಾಲೀಕನಿಗೆ ಒಪ್ಪಿಸಿ ಮನೆಗೆ ಹೋಗುವುದೊಂದೇ ಬಾಕಿ.

ಆ ಮಿತಿ ಗೊತ್ತಾಗಲು ಆನ್‌ಲೈನ್ ಅರ್ಜಿಯೊಂದರ ಪ್ರಶ್ನೆಗಳಿಗೆ ಉತ್ತರ ಕೊಡಬೇಕಿತ್ತು; ಅದನ್ನು ನೋಡಿ ಒಂದೊಂದು ದೇಶಕ್ಕೂ ಒಂದೊಂದು ವಯಸ್ಸು ಬರುತ್ತಿತ್ತು. ವೃಷಾಲಿ ಕೊಟ್ಟಿದ್ದಳು. ಜೀವಿಗಳನ್ನು ಕೊಲ್ಲಲಾಗುತ್ತದೆಯೇ? ಹೌದು. ಕೊಲ್ಲುವವರು ಆಡುವವರೇ? ಹೌದು. ಸಾಯುವ ಜೀವಿಗೆ ನೋವಾಗುವುದು ಕಾಣುತ್ತದೆಯೇ? ಇರುವೆ ಕಾಲು ಬಡಿಯುತ್ತದಲ್ಲ, ಹೌದು. ಹುಳು ಸತ್ತೀತೆಂದು ಕುಡಿಯುವ ನೀರನ್ನೂ ಬಟ್ಟೆಯಲ್ಲಿ ಸೋಸುವ ಮನೆಯಲ್ಲಿ ಬೆಳೆದವಳು ಬೇರೆ ಏನು ತಾನೇ ಹೇಳಿಯಾಳು.

"ನಮ್ಮನ್ಯಾಗ ಬೀಗರು ಬಂದ್ರ ಕುರಿ ಕೊಯ್ತಾರ, ಯಾರೂ ಹಿಂಸಾ ಅನ್ನಂಗಿಲ್ಲ," ಎಂದ ಕುರುಬರ ಮನೆಯ ಸುಭಾಷ. "ನಿಮ್ಮನ್ಯಾಗ ಇರವಿ ಸತ್ರ ಸೂತಕ. ಸುಮ್ನ ಇಲ್ಲ ಅಂತ ಒತ್ತಿಬಿಡು. ಇರವಿ ಬಂದು ಸಾಕ್ಷಿ ಹೇಳ್ತೈತೇನ?"

"ಒತ್ತಂಗಿಲ್ಲ."

"ನಾಳಿ ಪುಣೇದವರಿಗೆ ಏನ್ ಹೇಳ್ತಿ?"

"ಮೂರು ಅಂತನ ಹೇಳೂಣು. ಸುಳ್ಳೂ ಬ್ಯಾಡ, ಇರವಿ ಸಾಯೂದೂ ಬ್ಯಾಡ. ಸಾಲು ಅಡ್ಡ ಬಂತಂದ್ರ ಆ ಹುಡುಗಿ ಕಾಲ ಇಡಂಗಿಲ್ಲ. ನಿಂತು ಕಾಯ್ತಾಳ."

"ಯಾರೂ ಸಾಯ್ಲಿಲ್ಲಂದ್ರ ಆಟ ಸೋಲೂದು ಹೆಂಗ?"

"ಹೊತ್ತು ಮುಳುಗತೈತಿ. ಅಜ್ಜಿ ಉಪಾಸ ಮಲಗ್ತಾಳ. ಅದಕ್ಕಿಂತ ದೊಡ್ಡ ಸೋಲು ಬೇಕೇನ?"

ಸುಭಾಷ ಮನಸ್ಸಿನೊಳಗೇ ಬೈದುಕೊಂಡ. ಆದರೆ ಅವಳು ಹೀಗೆ ಗದ್ದ ಮುಂದೆ ಮಾಡಿ ಮಾತಾಡಿದಾಗ ಕೆಲಸ ಆಗಿಯೇ ಆಗುತ್ತದೆಂಬುದು ಅವನಿಗೆ ಅನುಭವದಿಂದ ಗೊತ್ತಿತ್ತು. ಕುರ್ಚಿ ಎಳೆದುಕೊಂಡು ಕುಳಿತ.

ಮರುದಿನ ಮಧ್ಯಾಹ್ನಕ್ಕೆ ಆಟ ಬದಲಾಗಿತ್ತು. ವೃಷಾಲಿ ಪ್ರಶ್ನೆಗಳಿಗೆ ಮತ್ತೆ ಉತ್ತರ ಕೊಟ್ಟಳು. ಕೊಲ್ಲಲಾಗುತ್ತದೆಯೇ? ಇಲ್ಲ. ಈ ಸಲ ಇಲ್ಲ ಎಂದು ಒತ್ತುವಾಗ ಅವಳ ಬೆರಳು ಅಳುಕಲಿಲ್ಲ, ಮನಸ್ಸು ಹಗುರಾಯಿತು. ಫಲಿತಾಂಶಕ್ಕೆ ಕಾಯಲು ಸುಭಾಷನನ್ನು ಬಿಟ್ಟು ಮಿರಜದ ಮನೆಗೆ ಹೊರಟಳು.

ಮನೆಯ ಕಟ್ಟೆಯ ಮೇಲೆ ಅಜ್ಜಿ ಮಾಣಿಕಬಾಯಿ ಊಟಕ್ಕೆ ಕೂಡುವುದರಲ್ಲಿದ್ದಳು. ಹೊತ್ತು ಮುಳುಗಿದ ಮೇಲೆ ಒಂದು ತುತ್ತನ್ನೂ ಮುಟ್ಟದ ಹೆಂಗಸು. ವೃಷಾಲಿ ಫೋನನ್ನು ಕೈಗೆ ಕೊಟ್ಟು, ಬೆರಳು ಒತ್ತಿದರೆ ಹುಡುಗಿ ನಡೆಯುತ್ತಾಳೆ, ಎತ್ತಿದರೆ ನಿಲ್ಲುತ್ತಾಳೆ ಎಂದು ಕಲಿಸಿದಳು. ಅಜ್ಜಿ ಜೋಳದ ಭಾಕರಿಯ ತಾಟನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ಏರಿಸಿಕೊಂಡು ಆಡತೊಡಗಿದಳು.

ನಡುವೆ ಪರದೆಯ ಮೇಲೆ ಸುಭಾಷನ ಸಂದೇಶ ಬಂತು. ವೃಷಾಲಿ ಬಗ್ಗಿ ಓದಿದಳು: ಎಲ್ಲಾ ಕಡೆ ಪಾಸ್. ಜರ್ಮನಿಯೊಳಗ ಸೊನ್ನಿ, ಹುಟ್ಟಿದ ಕೂಸೂ ಆಡಬಹುದಂತ. ಪುಣೇದವರಿಗೆ ಹೇಳೇನಿ.

ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. "ಅಜ್ಜಿ, ಗೆದ್ವಿ," ಎಂದಳು.

"ಇನ್ನೂ ಇಲ್ಲ. ಸಾಲು ಹೊಂಟೈತಿ," ಎಂದಳು ಅಜ್ಜಿ, ಸಂದೇಶವನ್ನು ನೊಣ ಓಡಿಸುವಂತೆ ಬದಿಗೆ ಸರಿಸಿ.

"ಮೊದಲ ಉಣ್ಣ ನೀ. ಹೊತ್ತು ಮುಳುಗತೈತಿ."

"ತಡಿ. ಹಿಂದೊಂದು ಸಣ್ಣದು ಉಳದೈತಿ."

ಎದುರುಮನೆಯ ಮಾಳಿಗೆಯ ಮೇಲಿದ್ದ ಬಿಸಿಲು ಹೋಯಿತು. ತಾಟಿನಲ್ಲಿ ಭಾಕರಿ ಹಾಗೇ ಇತ್ತು. ಮಾಣಿಕಬಾಯಿ ಪರದೆಗೆ ತಾಗದಂತೆ ಬೆರಳು ಎತ್ತಿ ಹಿಡಿದು ಕಾಯುತ್ತಿದ್ದಳು.